ಅಂಬಲಿ ಕುಡಿದ ಕಂಪ್ರೆಸರ್

ಮೂವತ್ನಾಲ್ಕನೇ ವಯಸ್ಸಿಗೆ ನಿವೃತ್ತನಾದವನ ಬೀಳ್ಕೊಡುಗೆ ನೋಡಿದ್ದೀರಾ? ನಾನು ನೋಡಿದ್ದೇನೆ, ಯಾಕೆಂದರೆ ಅದು ನನ್ನದೇ. ಶಾಲು ಹೊದಿಸಿದರು, ಹಾರ ಹಾಕಿದರು, ಕೈಗೊಂದು ಗೋಡೆ ಗಡಿಯಾರ ಕೊಟ್ಟರು. "ಇನ್ನ ಮುಂದ ಮೊಮ್ಮಕ್ಕಳ ಜೋಡಿ ಆರಾಮ ಇರ್ರಿ" ಎಂದು ನನ್ನ ಸಹೋದ್ಯೋಗಿ ಶಬಾನಾ ಆಪಾ ಭಾಷಣ ಮಾಡಿದಳು. ನನಗಿನ್ನೂ ಮದುವೆಯೇ ಆಗಿರಲಿಲ್ಲ. ನಾನೂ ಬಿಡಲಿಲ್ಲ. ಬೆನ್ನು ಬಾಗಿಸಿ, ದನಿ ನಡುಗಿಸಿ, "ನಮ್ಮ ಕಾಲದಾಗ ಹಿಂಗ ಇರಲಿಲ್ಲ ತಮ್ಮಾ" ಎಂದು ಕೆಮ್ಮುತ್ತ ಕೆಮ್ಮುತ್ತ ಸತ್ಕಾರಕ್ಕೆ ಉತ್ತರ ಕೊಟ್ಟೆ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನಮ್ಮ ಲ್ಯಾಬಿನ ಮುಖ್ಯಸ್ಥೆ ಸುಜಾತಾ ಮೇಡಮ್ ಮಾತ್ರ ನನ್ನ ಕೈಗಳನ್ನೇ ನೋಡುತ್ತಿದ್ದರು.

ಕೈಗಳೇ ಕಾರಣ. ದಿನವಿಡೀ ಸ್ಪಿರಿಟ್ಟು, ಬ್ಲೀಚಿಂಗ್ ನೀರು, ರಬ್ಬರ್ ಗ್ಲೌಸು. ವರ್ಷಗಳು ಹೋದಂತೆ ನನ್ನ ಅಂಗೈ ಬೇಸಿಗೆಯ ಎರೆಹೊಲದ ಹಾಗೆ ಬಿರಿಯತೊಡಗಿತು. ಕಲಬುರಗಿಯ ಚರ್ಮದ ಡಾಕ್ಟರು ಮುಲಾಮು ಬದಲಿಸಿ ಬದಲಿಸಿ ಸಾಕಾಗಿ, "ಒಂದೋ ಕೆಲಸ ಬಿಡು, ಇಲ್ಲ ಕೈ ಬಿಡು" ಎಂದುಬಿಟ್ಟರು. ಹೀಗಾಗಿ ಕೈಗಳು ನಿವೃತ್ತಿ ತೆಗೆದುಕೊಂಡವು. ಬಾಯಿ ಇನ್ನೂ ಸರ್ವಿಸಿನಲ್ಲಿದೆ.

ಅಂಗಾಂಶ ಕೃಷಿಯ, ಅಂದರೆ ಟಿಶ್ಯೂ ಕಲ್ಚರಿನ, ಕೆಲಸಕ್ಕೆ ಹೊಸದಾಗಿ ಸೇರುವ ತಂಗಿ ತಮ್ಮಂದಿರಿಗೆ ಆ ಬಾಯಿಂದ ನಾಲ್ಕು ಮಾತು ಹೇಳುತ್ತೇನೆ. ನಾನು ಸರಸಂಬಾದ ಮಿಲಿಂದ. ಅಪ್ಪ ಅವ್ವ ಕಬ್ಬು ಕಡಿಯುವ ಗ್ಯಾಂಗಿನಲ್ಲಿ ಹೋಗುತ್ತಿದ್ದರು. ನಾನು ಕಬ್ಬು ಹುಟ್ಟಿಸುವ ಕೆಲಸಕ್ಕೆ ಹೋದೆ. "ನಾವು ಕಡದು ಕಡದು ಮುಗಸ್ತೀವಿ, ನೀ ಮತ್ತ ಹುಟ್ಟಸ್ತಿ. ನಮಗ ಸುಖ ಎಲ್ಲಿಂದು?" ಎನ್ನುತ್ತಿದ್ದಳು ಅವ್ವ.

ನಮ್ಮ ಲ್ಯಾಬು ಇದ್ದದ್ದು ಕಡಗಂಚಿ ರಸ್ತೆಯಲ್ಲಿ, ತೊಗರಿ ಹೊಲಗಳ ನಡುವೆ. ಆಳಂದ, ಅಫಜಲಪುರ, ಜೇವರ್ಗಿ ಕಡೆಯ ರೈತರಿಗೆ ಬಾಳೆ ಸಸಿ, ಕಬ್ಬಿನ ಸಸಿ ಮಾಡಿ ಕೊಡುತ್ತಿದ್ದೆವು. ನಾನು ಸೇರಿದಾಗ ಕೆಲಸವೆಲ್ಲ ಬಾಟಲಿ ಮತ್ತು ಜೆಲ್ಲಿಯದು. ಗಾಳಿ ಸೋಸುವ ಪೆಟ್ಟಿಗೆಯ ಮುಂದೆ ಕೂತು, ಚಿಮುಟದಿಂದ ಒಂದೊಂದೇ ಕುಡಿಯನ್ನು ಬಿಡಿಸಿ, ಕತ್ತರಿಸಿ, ಹೊಸ ಜೆಲ್ಲಿಯಲ್ಲಿ ಊರಬೇಕು. ಅಲ್ಲಿ ಮಾತು ನಿಷಿದ್ಧ. ಉಗುಳಿನ ಒಂದು ಹನಿ ಸಾಕು, ವಾರದಲ್ಲಿ ಬಾಟಲಿ ತುಂಬ ಬೂಷ್ಟು. ಆಸುಪಾಸಿನ ಊರುಗಳಲ್ಲಿ ಮಾತಿಗೆ ಹೆಸರಾದ ನನ್ನನ್ನು ಇಂಥಲ್ಲಿ ಕೂರಿಸಿದ್ದು ದೇವರ ಹಾಸ್ಯಪ್ರಜ್ಞೆ. ಬಾಯಿ ಮುಚ್ಚಿದ್ದರಿಂದ ಕಿವಿ ತೆರೆದವು. ಫ್ಯಾನಿನ ಗುಂಯ್, ಬಾಟಲಿಗಳನ್ನು ಬೇಯಿಸುವ ಆಟೋಕ್ಲೇವಿನ ಸುಂಯ್, ಆಪಾಳ ಬಳೆ, ಮೇಡಮ್ಮಿನ ಚಪ್ಪಲಿ, ಎಲ್ಲ ಒಳಗೆ ಇಳಿಯುತ್ತಿದ್ದವು. ಊಟದ ಹೊತ್ತಿಗೆ ಎಲ್ಲ ಹೊರಗೆ ಬರುತ್ತಿದ್ದವು.

ಮೇಡಮ್ ಮಂಡ್ಯ ಕಡೆಯವರು. ಡಬ್ಬಿಯ ಮುಚ್ಚಳ ತೆಗೆಯುತ್ತ ನಾನು, "ಏನ್ ಕಣ್ರೀ ಮಿಲಿಂದ, ಕೈ ತೊಳ್ಕೊಂಡ್ರಾ? ಮತ್ತೊಂದ್ಸಲ ತೊಳ್ಕೊಳಿ" ಎಂದು ಅವರ ದನಿ ತೆಗೆಯುತ್ತಿದ್ದೆ. ಒಮ್ಮೆ ಹಿಂದಿನಿಂದ ಅದೇ ದನಿ, "ಚೆನ್ನಾಗಿದೆ ಕಣ್ರೀ. ಆದ್ರೆ ನಾನು ಎರಡು ಸಲ ಅಲ್ಲ, ಮೂರು ಸಲ ತೊಳೀರಿ ಅಂತೀನಿ" ಎಂದಿತು. ಎದ್ದು ಹೋಗಿ ಮೂರು ಸಲ ಕೈ ತೊಳೆದು ಬಂದೆ.

ಆಮೇಲೆ ಬಂತು ಹೊಸ ಪದ್ಧತಿ. ಜೆಲ್ಲಿ ಹೋಗಿ ನೀರು ಬಂತು. ಎರಡು ಅಂತಸ್ತಿನ ಪಾರದರ್ಶಕ ಪಾತ್ರೆ. ಕೆಳಗಿನ ಮನೆಯಲ್ಲಿ ಸಕ್ಕರೆ, ಲವಣ, ಬೆಳವಣಿಗೆಯ ಔಷಧ ಕರಗಿಸಿದ ನೀರು. ಮೇಲಿನ ಮನೆಯಲ್ಲಿ ಕುಡಿಗಳು. ಟೈಮರ್ ಹೇಳಿದ ಹೊತ್ತಿಗೆ ಕಂಪ್ರೆಸರ್ ಗಾಳಿ ಒತ್ತುತ್ತದೆ. ನೀರು ಕೊಳವೆ ಹತ್ತಿ ಮೇಲೆ ಬಂದು ಕುಡಿಗಳನ್ನು ಮುಳುಗಿಸುತ್ತದೆ. ಸ್ವಲ್ಪ ಹೊತ್ತಿಗೆ ಗಾಳಿ ನಿಂತು ನೀರು ಕೆಳಗಿಳಿಯುತ್ತದೆ. ಆಮೇಲೆ ತಾಸುಗಟ್ಟಲೆ ಕುಡಿಗಳು ಒದ್ದೆ ಮೈಯಲ್ಲಿ ಗಾಳಿಗೆ ಕೂತಿರುತ್ತವೆ. ಬಯೋರಿಯಾಕ್ಟರ್ ಎಂಬ ಹೆಸರು ಕೇಳಿ ನಮ್ಮವ್ವ, "ಅಣುಬಾಂಬ್ ಏನಪ?" ಎಂದು ಕೇಳಿದ್ದಳು.

ಬಂದ ಹೊಸದರಲ್ಲಿ ಎಲ್ಲರಿಗೂ ಒಂದೇ ಆಸೆ: ಹೆಚ್ಚು ಕುಡಿಸಿದರೆ ಹೆಚ್ಚು ಬೆಳೆಯುತ್ತದೆ. ಟೈಮರಿನಲ್ಲಿ ಮುಳುಗಿಸುವ ಹೊತ್ತನ್ನು ಉದ್ದ ಮಾಡಿದೆವು. ಬಾಳೆಯ ಕುಡಿಗಳು ದಷ್ಟಪುಷ್ಟವಾಗಿ ಉಬ್ಬಿದವು. ಫೋಟೋ ತೆಗೆದದ್ದೇ ತೆಗೆದದ್ದು. ಆಮೇಲೆ ನೋಡಿದರೆ ಎಲೆಗಳ ಮೂಲಕ ಆಚೆಯ ಲೈಟು ಕಾಣುತ್ತಿತ್ತು, ಗಾಜಿನ ಹಾಗೆ. ಮುಟ್ಟಿದರೆ ಪಟಕ್ಕನೆ ಮುರಿಯುತ್ತಿದ್ದವು. ಮಣ್ಣಿಗಿಟ್ಟರೆ ಮಧ್ಯಾಹ್ನದೊಳಗೆ ಕುಸಿಯುತ್ತಿದ್ದವು. ಗಾಜುಗಿಡ ಎಂದು ನಾವು ಕರೆದೆವು. ಆಗ ಶಬಾನಾ ಆಪಾ ಹೇಳಿದಳು: "ಇವು ರೋಜಾ ಹಿಡಿಯೋ ಗಿಡ ಅವ ರೇ. ಸಹರಿ ಕೊಡ್ರಿ, ಇಫ್ತಾರ್ ಕೊಡ್ರಿ. ನಡುವ ಬಾಯಿಗೆ ಏನೂ ಹಾಕಬ್ಯಾಡ್ರಿ." ಮೇಡಮ್ ನಕ್ಕರು. ಆದರೆ ಅಂದಿನಿಂದ ನಮ್ಮಲ್ಲಿ ಟೈಮರಿನ ವಿರಾಮಕ್ಕೆ ರೋಜಾ ಎಂದೇ ಹೆಸರಾಯಿತು.

ಈ ಪದ್ಧತಿಯಲ್ಲಿ ಕತ್ತರಿಸುವ ಕೆಲಸ ಕಡಿಮೆ. ಹಾಗಾಗಿ ಚಿಮುಟ ಹಿಡಿದು ಕೂರುತ್ತಿದ್ದ ಹೆಣ್ಣುಮಕ್ಕಳಲ್ಲಿ ಕೆಲವರನ್ನು ನರ್ಸರಿಗೆ ಕಳಿಸಿದರು, ಕೆಲವರು ತಾವೇ ಬಿಟ್ಟರು. ಖಾಲಿ ಸ್ಟೂಲುಗಳು ಗೋಡೆಗೆ ಆನಿಸಿ ನಿಂತವು. ಅವರೆಲ್ಲರ ದನಿ ನನಗೆ ಬರುತ್ತಿತ್ತು. ಮೊದಮೊದಲು ಊಟದ ಹೊತ್ತಿಗೆ ತೆಗೆದು ತೋರಿಸುತ್ತಿದ್ದೆ. ಆಮೇಲೆ ಯಾರೂ ನಗದೇ ಇದ್ದದ್ದು ನೋಡಿ ಬಿಟ್ಟೆ.

ನೋಡಲು ಬರುವ ದೊಡ್ಡ ಮಂದಿಯ ಬಗ್ಗೆಯೂ ಎಚ್ಚರವಿರಲಿ. ಜೇವರ್ಗಿಯಿಂದ ಒಬ್ಬ ಸಾವಕಾರರು ಬಂದಿದ್ದರು. ಎಲ್ಲ ತೋರಿಸಿ, ವಿವರಿಸಿ, ಆಚೆ ತಿರುಗುವಷ್ಟರಲ್ಲಿ ಅವರು ಒಂದು ಪಾತ್ರೆಯ ಮುಚ್ಚಳ ತೆಗೆದು, ಮೂಗು ಒಳಗಿಟ್ಟು, "ಇದು ಉಪ್ಪಿನಕಾಯಿ ಹಂಗ ನಾರಂಗಿಲ್ಲಲ್ಲರಿ?" ಎಂದರು. ಆ ಪಾತ್ರೆ ಸತ್ತಿತು. ಸಾವಕಾರರು ಇನ್ನೂ ಗಟ್ಟಿಯಾಗಿದ್ದಾರೆ, ಬಾಳೆಯನ್ನೂ ನಮ್ಮಿಂದಲೇ ಒಯ್ಯುತ್ತಾರೆ.

ಯಂತ್ರ ಕೆಟ್ಟರೆ ಪುಣೆಯ ಎಂಜಿನಿಯರನಿಗೆ ಫೋನು. ಅವನಿಗೆ ನಮ್ಮ ಹಿಂದಿ ತಿಳಿಯದು, ನಮಗೆ ಅವನ ಇಂಗ್ಲಿಷು. ಒಮ್ಮೆ ನೀರು ಮೇಲೇರದೆ ನಿಂತಾಗ ಮೇಡಮ್ ವಿವರಿಸಿ ವಿವರಿಸಿ ಬೇಸತ್ತರು. ನಾನು ಫೋನು ಇಸಿದುಕೊಂಡು, "ಟಕ್... ಸ್ಸ್ಸ್... ಟಕ್‌ಟಕ್... ಫುಸ್" ಎಂದೆ. ಇನ್ನೊಮ್ಮೆ ಮಾಡಿಸಿ ಕೇಳಿಕೊಂಡ. ಆಮೇಲೆ ಅವನು, "ವಾಲ್ವ್ ಪೂರಾ ಬಂದ್ ಆಗ್ತಿಲ್ಲ, ಬದಲಿಸಿ" ಎಂದು ಹಿಂದಿಯಲ್ಲಿ ಹೇಳಿದ. ಬದಲಿಸಿದೆವು, ಸರಿಹೋಯಿತು. ನನ್ನ ವಿದ್ಯೆಗೆ ಲ್ಯಾಬಿನಲ್ಲಿ ಸಿಕ್ಕ ಮೊದಲ ಮರ್ಯಾದೆ ಅದು.

ಈಗ ನಾನು ನಿಜವಾಗಿ ಹೇಳಬೇಕೆಂದಿರುವುದಕ್ಕೆ ಬರುತ್ತೇನೆ.

ಗೊಬ್ಬೂರದ ಮಲ್ಕಣ್ಣ ಮುತ್ಯಾ ಒಂದು ಬೆಳಿಗ್ಗೆ ಕಬ್ಬಿನ ಗಡ್ಡೆಯೊಂದನ್ನು ಮಣ್ಣು ಸಮೇತ ಧೋತರದ ತುಂಡಿನಲ್ಲಿ ಕಟ್ಟಿ, ಕೂಸಿನ ಹಾಗೆ ಎದೆಗವಚಿಕೊಂಡು ಬಂದ. ಫ್ಯಾಕ್ಟರಿಗೆ ಹೋಗುವ ಕಬ್ಬಲ್ಲ ಅದು, ತಿನ್ನುವ ಕಬ್ಬು. ಅವನ ಅಪ್ಪನ ಕಾಲದಿಂದ ಬಾವಿಯ ದಂಡೆಗೆ ಒಂದು ಸಾಲು ಇತ್ತಂತೆ. ಎಳ್ಳಮಾಸಿಯ, ಅಂದರೆ ಎಳ್ಳು ಅಮಾವಾಸ್ಯೆಯ, ದಿನ ಹೊಲದಲ್ಲಿ ಜೋಳದ ದಂಟಿನ ಪುಟ್ಟ ಗುಡಿಸಲು, ಕೊಂಪಿ, ಹಾಕಿ, ಐದು ಕಲ್ಲಿಟ್ಟು ಪಾಂಡವರೆಂದು ಪೂಜೆ ಮಾಡುವಾಗ, ಆ ಕೊಂಪಿಗೆ ಐದು ಜಲ್ಲೆ ಆ ಸಾಲಿನದೇ ಆಗಬೇಕು. ಕೆಂಪುಕೊಳೆ ರೋಗ ಬಂದು ಸಾಲೆಲ್ಲ ಹೋಗಿತ್ತು. ಉಳಿದದ್ದು ಇದೊಂದು.

"ಮುತ್ಯಾ, ನಿನ್ನ ಬಾಯಾಗ ಒಂದು ಹಲ್ಲಿಲ್ಲ. ತಿನ್ನೋ ಕಬ್ಬು ತಗೊಂಡು ಏನ ಮಾಡ್ತಿ?" ಎಂದೆ.

"ಹಲ್ಲು ಹ್ವಾದ ಮ್ಯಾಲ ನಾ ಕಿವಿಲಿಂದ ತಿಂತೇನಿ ತಮ್ಮಾ" ಎಂದ ಮುತ್ಯಾ. "ಫ್ಯಾಕ್ಟರಿ ಕಬ್ಬು ಕಡದ್ರ ಕಟಕ್ ಅಂತದ, ಕಟಗಿ ಮುರದಂಗ. ನಮ್ಮ ಕಬ್ಬು ಹಂಗ ಅನ್ನಂಗಿಲ್ಲ. ಕಸಕ್ ಅಂತದ, ಹಿಂದ ಝುರ್ ಅಂತ ರಸ ಬರ್ತದ. ಸಣ್ಣ ಪೋರಗೋಳು ಕಡೀತಿರಬೇಕು, ನಾ ಕಣ್ಣು ಮುಚ್ಚಿ ಕುಂತಿರಬೇಕು. ನನ್ನ ಎಳ್ಳಮಾಸಿ ಅಂದ್ರ ಅದು."

ಬೊಚ್ಚು ಬಾಯಲ್ಲಿ ಅವನು ಮಾಡಿ ತೋರಿಸಿದ ಆ ಸದ್ದನ್ನು ನಾನು ಅಲ್ಲೇ ಕದ್ದೆ. ಎರಡೇ ಸಲಕ್ಕೆ ಬಂತು. ಮುತ್ಯಾ ನನ್ನ ಮುಖ ನೋಡಿ, "ಲೇ, ನೀ ಯಾವ ಊರಂವಲೇ?" ಎಂದ.

ಮೇಡಮ್ ತುದಿಯ ಎಳೆಯ ಮೊಗ್ಗನ್ನಷ್ಟೇ ಬಿಡಿಸಿದರು. ರೋಗ ಅಲ್ಲಿಯ ತನಕ ಏರದಿದ್ದರೆ ಬಚಾವು. ಬಹಳಷ್ಟು ಸತ್ತವು, ಕೆಲವೇ ಕುಡಿ ಒಡೆದವು. ಲ್ಯಾಬಿನ ಬೇರೆ ಕಬ್ಬಿಗೆ ಸೋಂಕು ಹತ್ತಬಾರದೆಂದು ಅವಕ್ಕೊಂದು ಬೇರೆ ಸಣ್ಣ ರ‍್ಯಾಕು, ಬೇರೆ ಸಣ್ಣ ಕಂಪ್ರೆಸರ್. ಅಷ್ಟರಲ್ಲಿ ತಿರುಗಿ ಒಯ್ದು ಊರಲ್ಲಿ ನೆಟ್ಟಿದ್ದ ಗಡ್ಡೆಯೂ ಕೊಳೆತು ಹೋಯಿತೆಂದು ಮುತ್ಯಾ ಸುದ್ದಿ ತಂದ. ಈಗ ಆ ಕಬ್ಬು ಭೂಮಿಯ ಮೇಲೆ ಎಲ್ಲೂ ಇರಲಿಲ್ಲ, ನಮ್ಮ ಪಾತ್ರೆಗಳಲ್ಲಿ ಬಿಟ್ಟರೆ.

ಅವೂ ಗಾಜಾಗತೊಡಗಿದವು.

ಟೈಮರ್ ತಗ್ಗಿಸಬೇಕೆಂದು ಗೊತ್ತಿತ್ತು. ಮೇಡಮ್ ತಗ್ಗಿಸಿದರು, ಆದರೆ ಹೆದರಿ ಹೆದರಿ. ಬಾಳೆಯಾದರೆ ಒಂದು ಪಾತ್ರೆ ಒಣಗಿದರೆ ಇನ್ನೊಂದಿದೆ. "ಇದಕ್ಕೆ ಇನ್ನೊಂದಿಲ್ಲ ಕಣ್ರೀ. ಒಣಗಿಹೋದ್ರೆ ಆ ಅಜ್ಜನಿಗೆ ಏನು ಹೇಳ್ಲಿ?" ಎನ್ನುತ್ತ ಕೈ ಹಿಂದೆಗೆಯುತ್ತಿದ್ದರು. ತಂಗಿ ತಮ್ಮಂದಿರೇ, ಇದನ್ನು ಪುಸ್ತಕದಲ್ಲಿ ಬರೆದಿರುವುದಿಲ್ಲ. ಕೊನೆಯದು ಎಂದು ತಿಳಿದಾಗ ಕೈ ಧಾರಾಳವಾಗುತ್ತದೆ. ಸಾಯಬಾರದೆಂದು ಉಣಿಸುತ್ತೇವೆ, ಉಣಿಸುವುದರಿಂದಲೇ ಅದು ಸಾಯುತ್ತಿರುತ್ತದೆ.

ಎಳ್ಳಮಾಸಿ ಬಂತು. ರಜೆಯ ದಿನವಾದರೂ ಪಾತ್ರೆಗಳನ್ನು ನೋಡಲು ಮೇಡಮ್ಮೂ ನಾನೂ ಬಂದಿದ್ದೆವು. ಮಧ್ಯಾಹ್ನಕ್ಕೆ ಮಲ್ಕಣ್ಣ ಮುತ್ಯಾ ಬುಟ್ಟಿ ಹೊತ್ತು ಹಾಜರು. ಸಜ್ಜಿ ರೊಟ್ಟಿ, ಕಾಳು ಸೊಪ್ಪಿನ ಭಜ್ಜಿ, ಕಡಬು, ತಂಬಿಗೆ ತುಂಬ ಅಂಬಲಿ.

"ಭೂಮಿತಾಯಿ ಬಸುರಿದ್ದಾಳ, ಇವತ್ತ ಆಕಿಗಿ ಬಯಕಿ ಊಟ ಹಾಕೋ ದಿನ. ಹೊಲಕ್ಕ ಚರಗ ಚೆಲ್ಲಿ ಬಂದೇನಿ. ನನ್ನ ಕಬ್ಬು ಇಲ್ಲಿ ಅದ. ಅದಕ್ಕೂ ಒಂದೀಟು ಚೆಲ್ಲಿ ಹೋಗ್ತೇನ್ರಿ ಅಕ್ಕಾ" ಎಂದ.

ಮೇಡಮ್ ಬಾಗಿಲಿಗೆ ಅಡ್ಡ ನಿಂತರು. "ಒಳಗೆ ಅನ್ನದ ಅಗುಳೂ ಬರೋ ಹಾಗಿಲ್ಲ ಅಜ್ಜ. ಹೊರಗೆ ಏನ್ ಬೇಕಾದ್ರೂ ಮಾಡ್ಕೊಳಿ."

"ಆಯ್ತ್ರಿ, ಹೊರಗಽ ಮಾಡ್ತೇನಿ."

ಕಿಟಕಿಯಿಂದ ನೋಡಿದೆ. ಮುತ್ಯಾ ಕಟ್ಟಡವನ್ನೇ ಹೊಲವೆಂದು ತಿಳಿದು ಸುತ್ತು ಹಾಕುತ್ತಿದ್ದ. "ಹುಲ್ಲುಲ್ಲಿಗೋ... ಸಲಾಂಬರಿಗೋ..." ಎಂದು ಕೂಗುತ್ತ ಗೋಡೆಗೆ, ಗಟಾರಕ್ಕೆ, ಮೇಡಮ್ಮಿನ ಸ್ಕೂಟಿಗೆ, ಎಲ್ಲಕ್ಕೂ ಚರಗದ ಎಡೆ ಎರಚಿದ. ನಮಗೂ ಹೊಟ್ಟೆ ತುಂಬ ಉಣಿಸಿ ಹೋದ.

ಎರಡು ಮೂರು ದಿನಕ್ಕೆ ಸಣ್ಣ ಕಂಪ್ರೆಸರಿನ ಸದ್ದು ಬದಲಾಯಿತು. ಗಟ್ಟಿಯಾಗಿ ಗುರುಗುಡುತ್ತಿದ್ದದ್ದು ಈಗ ಬೊಚ್ಚುಬಾಯಿಯವನು ಬಿಸಿ ಚಹಾ ಹೀರಿದಂತೆ ಹೀರುತ್ತಿತ್ತು. ಮೇಡಮ್ಮಿಗೆ ಹೋಗಿ ಮಾಡಿ ತೋರಿಸಿದೆ: "ಸೊರ್... ಸೊರ್..."

"ನಿಮ್ಮ ನಾಟಕ ಊಟದ ಟೈಮಲ್ಲಿ ಇಟ್ಕೊಳಿ ಮಿಲಿಂದ."

ದಿನಾ ತೋಳ ಬಂತೆಂದವನ ಪಾಡು. ಎಲ್ಲದಕ್ಕೂ ಅಣಕಿಸುವವನ ಮಾತನ್ನು ಬೇಕಾದಾಗ ಯಾರೂ ನಂಬುವುದಿಲ್ಲ. ಮತ್ತೆ ಕೆಲವು ದಿನ ಕಳೆದು ಆಪಾ ಪಾತ್ರೆ ಒರೆಸುತ್ತ, "ಮೇಡಮ್, ನೀರು ಮೊಳಕಾಲ ತನಕ ಬಂದು ವಾಪಸ್ ಹೋಗಾಕತ್ತದ ನೋಡ್ರಿ" ಎಂದಾಗಲೇ ಎಲ್ಲರೂ ಓಡಿದ್ದು. ಹಿತ್ತಲ ಗೋಡೆಗೆ ಕಂಪ್ರೆಸರ್ ಗಾಳಿ ಎಳೆಯುವ ಬಾಯಿ ಇದೆ, ಅದರಲ್ಲಿ ಧೂಳು ತಡೆಯುವ ಸ್ಪಂಜು. ತೆಗೆದರೆ ಸ್ಪಂಜಿನ ಮೇಲೆ ರೊಟ್ಟಿಯಷ್ಟು ದಪ್ಪ ಬಿಳಿ ಹೆಕ್ಕಳಿಕೆ. ಹುಳಿ ವಾಸನೆ. ಅಂಚಿಗೆ ಭಜ್ಜಿಯ ಒಂದು ಅವರೆಕಾಳು.

ಮೇಡಮ್ ಸಿಟ್ಟಿಗೆ ಕೆಂಪಾದರು. ಫೋನು ಮಾಡಿ ಮುತ್ಯಾನನ್ನು ಕರೆಸಿದರು. ಅವನು ಬಂದು, ಸ್ಪಂಜು ನೋಡಿ, ಖುಷಿಯಿಂದ ಒಪ್ಪಿಕೊಂಡ.

"ಹೌದ್ರಿ, ನಾನೇ ಹಾಕಿದ್ದು. ಬಾಯಿ ತಕ್ಕೊಂಡು ಸುಂಯ್ ಅಂತ ಉಸುರು ಎಳೀತಿತ್ತು. ಹಬ್ಬದ ದಿನ ಪಾಪ, ಹಸದದ ಅನಕೊಂಡೆ. ಕೈ ಇಟ್ರ ಕೈ ಎಳೀತದರಿ! ತಂಬಿಗಿ ಹಿಡದೆ, ಗಟಗಟ ಕುಡೀತು."

"ನಿಮ್ಮ ಅಂಬಲಿ ನನ್ನ ಮಷೀನ್ ಕೆಡಿಸ್ತು ಅಜ್ಜ!" ಮೇಡಮ್ಮಿನ ದನಿ ಒಡೆಯಿತು. "ನಿಮ್ಮ ಕಬ್ಬಿಗೆ ಇಷ್ಟು ದಿನ ಸರಿಯಾಗಿ ನೀರೇ ಸಿಕ್ಕಿಲ್ಲ, ಗೊತ್ತಾ?"

ಮುತ್ಯಾನ ಮುಖ ಇಳಿಯಿತು. ಹೆಗಲ ಮೇಲಿನ ವಸ್ತ್ರ ತೆಗೆದು ಕೈಯಲ್ಲಿ ಹಿಂಡತೊಡಗಿದ. "ಸತ್ತದೇನ್ರಿ?" ಎಂದ, ಬಹಳ ಸಣ್ಣಗೆ.

ಆಪಾ ಪಾತ್ರೆಯನ್ನು ಎತ್ತಿ ಕಿಟಕಿಯ ಬೆಳಕಿಗೆ ಹಿಡಿದಳು. ತಿರುಗಿಸಿದಳು. ಮತ್ತೆ ತಿರುಗಿಸಿದಳು.

"ಮೇಡಮ್, ಇಲ್ಲಿ ಬರ್ರಿ ಜರಾ. ಆಚಿ ಕಡಿ ಬೆಳಕು ಕಾಣವಲ್ದು."

ಹೊಸದಾಗಿ ಬಂದ ಎಲೆಗಳ ಮೂಲಕ ಏನೂ ಕಾಣುತ್ತಿರಲಿಲ್ಲ. ಹಸಿರು ಗಟ್ಟಿಯಾಗಿತ್ತು. ಗಾಜು ಹೋಗಿ ಎಲೆ ಬಂದಿತ್ತು. ಉಸಿರುಗಟ್ಟಿದ ಕಂಪ್ರೆಸರ್, ನಾವು ಹೆದರಿ ಹಾಕಿಸದ ಉಪವಾಸವನ್ನು ಅವಕ್ಕೆ ಹಾಕಿಸಿತ್ತು. ಮೇಡಮ್ ಪಾತ್ರೆ ಇಸಿದುಕೊಂಡು ತಾವೂ ತಿರುಗಿಸಿ ನೋಡಿದರು. ಆಮೇಲೆ ಸ್ಪಂಜನ್ನು ನನ್ನ ಕೈಗೆ ಕೊಟ್ಟು, "ಇದನ್ನ ತೊಳೀರಿ. ಮೂರು ಸಲ. ಟೈಮರ್ ಅರ್ಧಕ್ಕೆ ಇಳಿಸಿ" ಎಂದರು.

"ಅಂಬಲಿ ಎಷ್ಟು ಹಾಕಲ್ರಿ?" ಎಂದೆ.

"ಅಂಬಲಿ ಅಲ್ಲ, ಟೈಮರ್!"

ಆ ಕುಡಿಗಳು ಬೇರು ಬಿಟ್ಟವು, ನೆರಳುಮನೆಗೆ ಹೋದವು, ಅಲ್ಲಿಂದ ಗೊಬ್ಬೂರದ ಬಾವಿ ದಂಡೆಗೆ ಹೋದವು. ಮುಂದಿನ ಎಳ್ಳಮಾಸಿಗೆ ಅವು ಇನ್ನೂ ಎಳೆಯವು. ಅದರ ಮುಂದಿನದಕ್ಕೆ ಮುತ್ಯಾ ನಮ್ಮನ್ನು ಕರೆದ. ಅಷ್ಟರಲ್ಲಿ ನಾನು ನಿವೃತ್ತ, ಗಡಿಯಾರದ ಒಡೆಯ.

ಜೀಪಿನಲ್ಲಿ ಮೇಡಮ್, ಆಪಾ, ನಾನು. ಅಫಜಲಪುರದ ರಸ್ತೆಗೆ ಹೊರಳಿದ ಮೇಲೆ, "ಬಾಟಲಿಲಿ ಬೆಳೆದದ್ದು ಕೆಲವು ಸಲ ತನ್ನ ಗುಣ ಮರೆಯುತ್ತೆ. ನೋಡೋಕೆ ಅದೇ ಕಬ್ಬು ಥರ ಇರುತ್ತೆ. ಅದೇನಾ ಅಂತ ನನಗೂ ಗೊತ್ತಿಲ್ಲ" ಎಂದರು. ನಾನು ಕಿಟಕಿಯ ಕಡೆ ತಿರುಗಿ ಮೆಲ್ಲಗೆ ಕಸಕ್, ಝುರ್, ಕಸಕ್, ಝುರ್ ಎಂದು ಅಭ್ಯಾಸ ಮಾಡುತ್ತಿದ್ದೆ. ಬೇಕಾಗಬಹುದು. ಆ ಮುದುಕನ ಮುಖ ಇನ್ನೊಮ್ಮೆ ಇಳಿಯುವುದನ್ನು ನೋಡುವ ಮನಸ್ಸು ನನಗಿರಲಿಲ್ಲ. ಆಪಾ ತೊಡೆ ಚಿವುಟಿದಳು. "ಚುಪ್ ಬೈಠ್ ರೇ. ಮುದುಕಗ ಮೋಸ ಮಾಡ್ತಿ?"

ಹೊಲದಲ್ಲಿ ಕೊಂಪಿ, ಐದು ಕಲ್ಲು, ಐದು ಜಲ್ಲೆ. ಮುತ್ಯಾ ಮಕ್ಕಳಿಗೂ ಕಬ್ಬು ಮುಟ್ಟಗೊಟ್ಟಿರಲಿಲ್ಲ. ನನ್ನನ್ನು ಎದುರಿಗೆ ಕೂರಿಸಿ, ಒಂದು ಜಲ್ಲೆ ಮುರಿದು, ಕುಡಗೋಲಿನಿಂದ ಸಿಪ್ಪೆ ತೆಗೆದು, ಗಣ್ಣು ಬಿಟ್ಟು ತುಂಡು ಮಾಡಿದ. ಇಸಿದುಕೊಳ್ಳಲು ಕೈ ಚಾಚಿದೆ. ಬಿರುಕುಗಳಿಗೆ ಸುತ್ತಿದ ಬಟ್ಟೆ ನೋಡಿ ಅವನು ಕೈ ಸರಿಸಿ, ತುಂಡನ್ನು ತಾನೇ ನನ್ನ ಬಾಯಿಗಿಟ್ಟ. ಕಣ್ಣು ಮುಚ್ಚಿದ. ಆಮೇಲೆ, ಕಣ್ಣು ತೆರೆಯದೆಯೇ ಹೇಳಿದ:

"ಬಾಯಿಲಿಂದ ಮಾಡಬ್ಯಾಡ ಮತ್ತ. ಹಲ್ಲಿಲಿಂದ ಮಾಡು."

ಕಡಿದೆ. ರಸ ಗದ್ದದ ತನಕ ಇಳಿಯಿತು. ಆದರೆ ಕಡಿಯುವವನಿಗೆ ಆ ಸಪ್ಪಳ ತಲೆಯ ಒಳಗಿನಿಂದ ಕೇಳುತ್ತದೆ. ಹೊರಗೆ ಅದು ಕಸಕ್ ಎಂದಿತೋ ಕಟಕ್ ಎಂದಿತೋ ನನಗೆ ತಿಳಿಯಲಿಲ್ಲ. ಊರವರೆಲ್ಲರ ಸದ್ದು ಬಲ್ಲವನಿಗೆ ತನ್ನದೊಂದು ಗೊತ್ತಾಗಲಿಲ್ಲ. ಮೇಡಮ್ ಸೆರಗಿನ ತುದಿ ಬೆರಳಿಗೆ ಸುತ್ತುತ್ತಿದ್ದರು.

"ಇನ್ನೊಮ್ಮಿ" ಎಂದ ಮುತ್ಯಾ.

ಇನ್ನೊಮ್ಮೆ ಕಡಿದೆ.

ಅವನ ಬೊಚ್ಚುಬಾಯಿ ಮೆಲ್ಲಗೆ ಮೆಲುಕಾಡತೊಡಗಿತು, ಒಳಗೆ ಏನೂ ಇಲ್ಲದೆ. ಗಂಟಲು ಒಮ್ಮೆ ಮೇಲೆ ಕೆಳಗೆ ಹೋಯಿತು. ಕಣ್ಣು ತೆರೆದು ಮೇಡಮ್ ಕಡೆ ತಿರುಗಿದ.

"ಅಕ್ಕಾ, ನನ್ನ ಅಂಬಲಿ ನಿಮ್ಮ ಮಷೀನ ಕೆಡಸ್ತು, ಖರೇ. ನಿಮ್ಮ ಮಷೀನ ನನ್ನ ಕಬ್ಬು ಕೆಡಸಿಲ್ಲ ನೋಡ್ರಿ."

ಮೇಡಮ್ ನನ್ನ ಕಡೆ ನೋಡಿದರು, ಅಣಕಿಸಲಿ ಎಂಬಂತೆ. ನಾನು ಏನಾದರೂ ಹೇಳಬೇಕಿತ್ತು. ಬಾಯಿ ತುಂಬ ಕಬ್ಬಿತ್ತು.